ಬೇಸ್‌ಮೆಂಟಿನಲ್ಲಿ ಮದ್ದು ಅಳೆದಿದ್ದು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಹೆಸರಿಗೆ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ಕೇಪಿನ ಕೋವಿ ಇತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಹೊತ್ತು, ಒಪ್ಪಿಸಿ, ರಸೀದಿ ತಂದು ಪಂಚಾಂಗದೊಳಗೆ ಇಡುತ್ತಿದ್ದರು. ಮದ್ದು ಅಳೆಯಲು ಅವರ ಬಳಿ ಬೆರಳುದ್ದದ ಬಿದಿರಿನ ತುಂಡೊಂದಿತ್ತು. ಅದರ ತುಂಬ ಮದ್ದು ತುಂಬಿ, ಹೆಬ್ಬೆರಳಲ್ಲಿ ಬಾಯಿ ಸವರಿ ನಳಿಗೆಗೆ ಸುರಿದರೆ ಅದು ಒಂದು ಈಡು. ತೂಕ ಎಷ್ಟು ಅಂತ ಯಾರೂ ಕೇಳಿದ್ದಿಲ್ಲ.

ಈಗ ಮಿಷಿಗನ್‌ನ ನಮ್ಮ ಬೇಸ್‌ಮೆಂಟಿನಲ್ಲಿ ಬೆಂಚಿಗೆ ಬೋಲ್ಟು ಹಾಕಿ ಕೂರಿಸಿರುವ ಎರಕದ ಕಬ್ಬಿಣದ ಪೌಡರ್ ಮೆಷರ್ ಮಾಡುವುದೂ ಇದನ್ನೇ. ಅದು ತೂಗುವುದಿಲ್ಲ. ಮೇಲಿನ ಹಾಪರ್ ಎಂಬ ಡಬ್ಬದಿಂದ ಮದ್ದು ಇಳಿದು, ಗೂಡಿನೊಳಗೆ ತಿರುಗುವ ಡ್ರಮ್ಮಿನ ಒಂದು ಗುಂಡಿ ತುಂಬುತ್ತದೆ, ಹಿಡಿ ಇಳಿಸಿದರೆ ಕೆಳಗಿನ ಕೊಳವೆಯಿಂದ ಸುರಿಯುತ್ತದೆ, ಅಷ್ಟೆ. ಈ ಸಣ್ಣ ಸಂಗತಿ ನನ್ನ ತಲೆಗೆ ಹೋಗಲು ಎರಡು ಚಳಿಗಾಲ ಬೇಕಾದವು.

ಮೊದಲೇ ಒಂದು ಮಾತು. ಇದು ಅಮೆರಿಕದ ಕತೆ. ಇಲ್ಲಿ ಸ್ವಂತ ಬಳಕೆಗೆ ಹಾರಿಸಿದ ತೋಟಾದ ಖಾಲಿ ಚಿಪ್ಪುಗಳಿಗೆ, ಅಂದರೆ ಕೇಸುಗಳಿಗೆ, ಮತ್ತೆ ಪ್ರೈಮರು (ಮದ್ದಿಗೆ ಕಿಡಿ ಕೊಡುವ ಕೇಪು), ಮದ್ದು, ಗುಂಡು ತುಂಬಿಕೊಳ್ಳಲು ಫೆಡರಲ್ ಲೈಸೆನ್ಸು ಬೇಡ, ಮಾರುವುದಾದರೆ ಬೇಕು. ಆದರೆ ಎಚ್‌1ಬಿಯಂಥ ವೀಸಾದಲ್ಲಿ ಇರುವವರಿಗೆ, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಕೋವಿಯೂ ತೋಟಾವೂ ಕೈಯಲ್ಲಿರುವಂತಿಲ್ಲ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಗುಂಡು ಹಾರಿಸುವ ರೇಂಜಿನ ಕಡೆ ತಲೆ ಹಾಕಿರಲಿಲ್ಲ. ಊರಿನ ಮಾತೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಪ್ರತ್ಯೇಕ ಲೈಸೆನ್ಸು ಬೇಕು, ಕೋವಿ ಇಟ್ಟುಕೊಳ್ಳುವ ಲೈಸೆನ್ಸು ಅದಕ್ಕೆ ಸಾಲದು. ಯಾರೂ ಇದನ್ನು ಓದಿ ಅಟ್ಟದ ಮೇಲೆ ಕೈ ಹಾಕಬೇಡಿ.

ಇಲ್ಲಿ ಮದ್ದಿನ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅಕ್ಕಸಾಲಿಗರ ಹಳೆಯ ಗುಲಗಂಜಿಯಲ್ಲಿ ಹೆಚ್ಚುಕಡಿಮೆ ಅರ್ಧ. ಅದರ ಹತ್ತನೇ ಒಂದು ಭಾಗದ ಲೆಕ್ಕಾಚಾರ ನಮ್ಮದು. ಅಜ್ಜನ ಕರಿಮದ್ದು ಚಿಟಿಕೆ ಹೆಚ್ಚಾದರೆ ಕೋವಿ ಭುಜಕ್ಕೆ ಸ್ವಲ್ಪ ಜೋರಾಗಿ ಒದೆಯುತ್ತಿತ್ತು. ಈ ಹೊಗೆರಹಿತ ಮದ್ದಿನಲ್ಲಿ ಅಂಥ ಸಡಿಲ ಇಲ್ಲ, ಚೂರು ಹೆಚ್ಚಾದರೂ ಒತ್ತಡ ಸರ್ರನೆ ಏರುತ್ತದೆ. ಅದಕ್ಕೇ ಎಷ್ಟು ಹಾಕಬೇಕೆಂಬ ಅಂಕಿ ನಾನು ಇಲ್ಲಿ ಬರೆಯುವುದಿಲ್ಲ. ಅದು ಮದ್ದಿನ ಕಂಪನಿಯ ಕೈಪಿಡಿಯಲ್ಲಿ ನೋಡುವಂಥದ್ದು, ಅದರಲ್ಲೂ ಅತಿ ಕಡಿಮೆಯ ಅಂಕಿಯಿಂದ ಶುರು ಮಾಡುವಂಥದ್ದು.

ನಾನು ಮೊದಲು ಕೊಂಡಿದ್ದು ಅಗ್ಗದ ಪ್ಲಾಸ್ಟಿಕ್ ಮೆಷರ್. ಅದನ್ನು ಬೈಯುವಂತಿಲ್ಲ, ತಪ್ಪು ನನ್ನದು. ನನ್ನ .223 ರೈಫಲ್ಲಿಗೆ ಆಗ ಬಳಸುತ್ತಿದ್ದದ್ದು ಬಾಲ್ ಮದ್ದು, ಗಸಗಸೆಗಿಂತ ಸಣ್ಣ ಕಾಳು. ತಿರುಗುವ ಡ್ರಮ್ಮಿಗೂ ಗೂಡಿಗೂ ನಡುವಿನ ಸಂದಿಯಲ್ಲಿ ಅದು ನುಸುಳಿ ಬೆಂಚಿನ ಮೇಲೆ ಉದುರುತ್ತಿತ್ತು. ಅಂಗಡಿಯಲ್ಲಿ ನಾನು ಮೆಷರಿನ ಬೆಲೆ ನೋಡಿದ್ದೆನೇ ಹೊರತು ಯಾವ ಮದ್ದಿಗೆ ಎಂದು ಕೇಳಿಕೊಂಡಿರಲಿಲ್ಲ.

ಮದ್ದಿನಲ್ಲಿ ಮುಖ್ಯವಾಗಿ ಮೂರು ಆಕಾರ. ಸಿಎಫ್‌ಇ 223ರಂಥ ಬಾಲ್ ಮದ್ದು ನೀರಿನಂತೆ ಹರಿಯುತ್ತದೆ; ಒಳ್ಳೆಯ ಮೆಷರಿನಲ್ಲಿ ಈಡಿನಿಂದ ಈಡಿಗೆ 0.1 ಗ್ರೇನಿನ ಆಚೀಚೆ ನಿಲ್ಲುತ್ತದೆ. ಯುನೀಕ್‌ನಂಥದ್ದು ಚಪ್ಪಟೆ ಹಾಳೆ, ಅವಲಕ್ಕಿಯ ನುಚ್ಚಿನ ಹಾಗೆ. ಗುಂಡಿಯಲ್ಲಿ ಒಮ್ಮೆ ಹೀಗೆ ಒಮ್ಮೆ ಹಾಗೆ ಕೂರುತ್ತದೆ. ಮೂರನೆಯದು ಕಡ್ಡಿ, ಶಾವಿಗೆ ಮುರಿದ ಚೂರಿನಂತೆ. ಐಎಂಆರ್ 4064 ಉದ್ದ ಕಡ್ಡಿ, ವಾರ್ಗೆಟ್ ಗಿಡ್ಡ. ಕಡ್ಡಿ ಮದ್ದು ಹಾಕಿ ಹಿಡಿ ಎಳೆದರೆ ಡ್ರಮ್ಮಿನ ಅಂಚಿಗೆ ಸಿಕ್ಕಿ ಕರಕ್ ಎನ್ನುತ್ತದೆ. ಆ ಸದ್ದು ಬಂದ ಈಡು ತೂಗದೆ ಕೇಸಿಗೆ ಹೋಗಬಾರದು.

ಕಡ್ಡಿ ಮದ್ದು ಇನ್ನೊಂದು ಆಟವನ್ನೂ ಆಡುತ್ತದೆ. .223 ಕೇಸಿನ ಕತ್ತು ಕಿರಿದು. ಒಂದು ರಾತ್ರಿ ಹಿಡಿ ಇಳಿಸಿದೆ, ಸುರಿದ ಸದ್ದು ಅರ್ಧಕ್ಕೆ ನಿಂತ ಹಾಗಾಯಿತು. ಗಮನ ಕೊಡದೆ ಮುಂದಿನ ಕೇಸು ಹಿಡಿದೆ. ಅದು ತುಂಬಿ ಉಕ್ಕಿ ಬೆಂಚಿನ ಮೇಲೆಲ್ಲ ಚೆಲ್ಲಿತು. ಕೊಳವೆಯ ಬಾಯಲ್ಲಿ ಕಡ್ಡಿಗಳು ಅಡ್ಡ ಸಿಕ್ಕಿ, ಮೊದಲನೆಯ ಈಡಿನ ಅರ್ಧ ಎರಡನೆಯದಕ್ಕೆ ಬಿದ್ದಿತ್ತು. ಉಕ್ಕಿದ್ದು ಕಣ್ಣಿಗೆ ಕಂಡಿತು, ಸರಿ. ಅರ್ಧ ತುಂಬಿದ ಹಿಂದಿನದು, ಕೇಸುಗಳನ್ನು ಸಾಲಾಗಿ ನಿಲ್ಲಿಸುವ ಬ್ಲಾಕಿನಲ್ಲಿ, ಉಳಿದವುಗಳ ಜೊತೆ ಸಾಧುವಿನ ಹಾಗೆ ನಿಂತಿತ್ತು.

ಅದಾದ ಮೇಲೆ ಗನ್ ಶೋ ಒಂದರಲ್ಲಿ ಆರ್‌ಸಿಬಿಎಸ್ ಕಂಪನಿಯ ಯೂನಿಫ್ಲೋ ಎಂಬ ಹಳೆಯ ಮೆಷರ್ ಸಿಕ್ಕಿತು. ಮಾರುತ್ತಿದ್ದ ಮುದುಕ ಹಿಡಿಯನ್ನು ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಹತ್ತು ಸಲ ಆಡಿಸು ಅಂದ. ಎಲ್ಲೂ ತಡೆಯಬಾರದು, ಅಲುಗಾಡಬಾರದು. ಹೊಸದು ಕೊಳ್ಳುವಾಗಲೂ ನಾನೀಗ ನೋಡುವುದು ಅದನ್ನೇ. ಡ್ರಮ್ಮು ಲೋಹದ್ದಿರಬೇಕು, ಗೂಡಿಗೆ ಬಿಗಿಯಾಗಿ ಕೂತಿರಬೇಕು. ಪಿಸ್ತೂಲಿನ ಸಣ್ಣ ಈಡಿಗೆ ಸಣ್ಣ ಡ್ರಮ್ಮು ಬೇರೆ ಸಿಗಬೇಕು. ಅಗಲವಾದ ಗುಂಡಿಯ ತಳದಲ್ಲಿ ನಾಲ್ಕೈದು ಗ್ರೇನ್ ಅಳೆಯುವುದು ಕೊಡಪಾನದಲ್ಲಿ ಒಂದು ಚಮಚ ಎಣ್ಣೆ ಅಳೆದ ಹಾಗೆ. ಹಾಪರಿನೊಳಗೆ ಬ್ಯಾಫಲ್ ಎಂಬ ಮಡಚಿದ ತಗಡು ಇರಬೇಕು. ಮೇಲಿನ ಮದ್ದಿನ ಭಾರವನ್ನು ಅದು ತಡೆಯುವುದರಿಂದ ಹಾಪರ್ ತುಂಬಿದ್ದಾಗಲೂ ಅರ್ಧವಾದಾಗಲೂ ಗುಂಡಿ ಒಂದೇ ತರ ತುಂಬುತ್ತದೆ. ಮೈಕ್ರೋಮೀಟರ್ ತಿರುಪು ಇದ್ದರೆ ಹಿಂದಿನ ಸಲದ ಸಂಖ್ಯೆಗೆ ಬೇಗ ಬರಬಹುದು, ಆದರೆ ಆ ಸಂಖ್ಯೆ ತೂಕವಲ್ಲ. ಮದ್ದಿನ ಡಬ್ಬಿ ಬದಲಾದರೆ ಮತ್ತೆ ತಕ್ಕಡಿಯೇ ಗತಿ.

ಇಷ್ಟಾದ ಮೇಲೆ ಉಳಿಯುವುದು ಕೈ. ಹಿಡಿಯನ್ನು ಪ್ರತಿ ಸಲ ಒಂದೇ ವೇಗದಲ್ಲಿ ಮೇಲೆತ್ತಿ, ಮೇಲೆ ಒಮ್ಮೆ ಮೆಲ್ಲಗೆ ತಟ್ಟಿ, ಅದೇ ವೇಗದಲ್ಲಿ ಇಳಿಸುತ್ತೇನೆ. ಹೆಂಡತಿ ಮೆಟ್ಟಿಲ ಮೇಲೆ ನಿಂತು ಕೇಳಿದರೆ ತಾಳ ಹಾಕಿದ ಹಾಗೆ ಕೇಳುತ್ತದಂತೆ. ಹಾಪರ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ. ಮೊದಲ ಹತ್ತು ಈಡನ್ನು ಹಾಪರಿಗೇ ವಾಪಸು ಸುರಿಯುತ್ತೇನೆ, ಅಷ್ಟರಲ್ಲಿ ಮದ್ದು ಕೂತು ಸಮವಾಗುತ್ತದೆ.

ಹತ್ತು ಈಡು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸುವ ಉಪಾಯ ಎಲ್ಲರೂ ಹೇಳುತ್ತಾರೆ. ನಾನೂ ಮಾಡುತ್ತಿದ್ದೆ. ಸರಾಸರಿ ಸರಿಯಾಗೇ ಬರುತ್ತಿತ್ತು, ಆದರೆ ಗುರಿಹಲಗೆಯಲ್ಲಿ ಗುಂಡುಗಳು ಮೇಲೆ ಕೆಳಗೆ ಹರಡುತ್ತಿದ್ದವು. ಒಂದೊಂದೇ ತೂಗಿದಾಗ ಗೊತ್ತಾಯಿತು: ಒಂದು 0.4 ಹೆಚ್ಚು, ಮತ್ತೊಂದು 0.4 ಕಡಿಮೆ, ಹತ್ತೂ ಸೇರಿದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತಿತ್ತು. ಕಡ್ಡಿ ಮದ್ದಾದರೆ ಈಗ ಮೆಷರನ್ನು ಬೇಕಂತಲೇ ಚೂರು ಕಡಿಮೆಗೆ ಇಟ್ಟು, ತಕ್ಕಡಿಯ ತಟ್ಟೆಗೆ ಸುರಿದು, ಉಳಿದ ಕೆಲವು ಕಾಳನ್ನು ಟ್ರಿಕ್ಲರ್ ಎಂಬ ಸಣ್ಣ ಕೊಳವೆ ತಿರುಗಿಸಿ ಒಂದೊಂದೇ ಉದುರಿಸುತ್ತೇನೆ. ಐವತ್ತು ತೋಟಾಕ್ಕೆ ಒಂದು ಸಂಜೆ ಬೇಕು. ಬಾಲ್ ಮದ್ದಾದರೆ ಹತ್ತಕ್ಕೊಂದು ತೂಗಿದರೆ ನನಗೆ ಸಾಕು.

ತಕ್ಕಡಿಯೂ ಸುಳ್ಳು ಹೇಳುತ್ತದೆ. ನನ್ನ ಎಲೆಕ್ಟ್ರಾನಿಕ್ ತಕ್ಕಡಿಯ ಸೊನ್ನೆ ಜನವರಿಯಲ್ಲಿ ಆಗಾಗ ಜಾರುತ್ತಿತ್ತು. ವಾರಗಟ್ಟಲೆ ಬ್ಯಾಟರಿಯನ್ನು ದೂರಿದೆ. ಕೊನೆಗೆ ನೋಡಿದರೆ ಹೀಟರು ಹೊತ್ತಿಕೊಂಡಾಗಲೆಲ್ಲ ಸೂರಿನ ಕಿಂಡಿಯಿಂದ ಬಿಸಿಗಾಳಿ ನೇರ ತಟ್ಟೆಯ ಮೇಲೆ ಬೀಳುತ್ತಿತ್ತು. ಕಿಂಡಿಗೆ ರಟ್ಟು ಅಡ್ಡ ಹಾಕಿದೆ. ಪಕ್ಕದಲ್ಲಿ ಹಳೆಯ ಕಾಲದ ದಂಡದ ತಕ್ಕಡಿ, ಪರೀಕ್ಷೆಗೆ ತೂಕದ ಬೊಟ್ಟುಗಳು ಇವೆ. ಎರಡೂ ತಕ್ಕಡಿ ಒಪ್ಪದೆ ಕೆಲಸ ಶುರುವಾಗುವುದಿಲ್ಲ. ಅದೇ ಒಣಗಾಳಿಗೆ ಮದ್ದಿನ ಕಾಳು ಪ್ಲಾಸ್ಟಿಕ್ಕಿಗೆ ಅಂಟುತ್ತದೆ ಕೂಡ. ಹಾಪರನ್ನು ಪಾತ್ರೆ ಸೋಪಿನಲ್ಲಿ ತೊಳೆದು, ಒರೆಸದೆ ಹಾಗೇ ಒಣಗಲು ಬಿಟ್ಟರೆ ಅಂಟು ಬಹಳ ಕಡಿಮೆಯಾಗುತ್ತದೆ. ಕರಿಮದ್ದನ್ನಂತೂ ಈ ಮೆಷರಿನ ಹತ್ತಿರವೂ ತರಬಾರದು, ಅದಕ್ಕೆ ಕಿಡಿ ಹಾರದ ಬೇರೆಯೇ ಸಾಮಾನು ಇದೆ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು .38 ಸ್ಪೆಷಲ್ ಎಂಬ ರಿವಾಲ್ವರಿನ ತೋಟಾ. ಅದರ ಕೇಸು ಹುಟ್ಟಿದ್ದು ಕರಿಮದ್ದಿನ ಲೆಕ್ಕಕ್ಕೆ, ಹಾಗಾಗಿ ಈಗಿನ ಈಡು ತಳದಲ್ಲೆಲ್ಲೋ ಇರುತ್ತದೆ. ಇನ್ನೊಂದು ಈಡು ಬಿದ್ದರೂ ಉಕ್ಕಿ ಚೆಲ್ಲುವುದಿಲ್ಲ. ಒಂದು ರಾತ್ರಿ ಒಂಬತ್ತೂವರೆಗೆ, ಊರಲ್ಲಿ ಬೆಳಗಿನ ಎಂಟು, ಅಮ್ಮನ ಫೋನು. "ಊಟ ಆಯ್ತೇನೋ?" ಅಂತ ಶುರುವಾಗಿ ಅಡಿಕೆ ಕೊಳೆರೋಗದವರೆಗೆ ಹೋಯಿತು. ಮಾತು ಮುಗಿಸಿ ಬಂದು ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದ ಹಿಡಿ ಎಳೆದೆ. ಗುಂಡು ಕೂರಿಸುವ ಮೊದಲು ಅಭ್ಯಾಸದಂತೆ ಬ್ಲಾಕಿನ ಮೇಲೆ ಟಾರ್ಚು ಬಿಟ್ಟರೆ, ಐವತ್ತರಲ್ಲಿ ಒಂದು ಕೇಸಿನ ಮದ್ದು ಉಳಿದವಕ್ಕಿಂತ ಎತ್ತರದಲ್ಲಿ ಹೊಳೆಯುತ್ತಿತ್ತು. ಎರಡು ಈಡು. ರಿವಾಲ್ವರಿನ ಸಿಲಿಂಡರು ಒಡೆಯುವುದು ಇಂಥದ್ದರಿಂದಲೇ. ಅವತ್ತು ಐವತ್ತನ್ನೂ ಡಬ್ಬಿಗೆ ಸುರಿದು ಮಲಗಲು ಹೋದೆ.

ಈಗ ಮದ್ದು ಹಾಕದ ಕೇಸುಗಳು ಬ್ಲಾಕಿನಲ್ಲಿ ತಲೆಕೆಳಗಾಗಿ ನಿಲ್ಲುತ್ತವೆ. ಈಡು ಬಿದ್ದದ್ದು ಮಾತ್ರ ಬಾಯಿ ಮೇಲಾಗಿ. ಬೆಂಚಿನ ಮೇಲೆ ಒಂದೇ ಮದ್ದಿನ ಡಬ್ಬಿ, ಅದರ ಹೆಸರು ಬರೆದ ಟೇಪು ಹಾಪರಿನ ಮೇಲೆ. ಕೆಲಸ ಮುಗಿದೊಡನೆ ಹಾಪರ್ ಖಾಲಿ ಮಾಡಿ ಮದ್ದನ್ನು ಅದರದೇ ಡಬ್ಬಿಗೆ ಸುರಿಯುತ್ತೇನೆ. ರಾತ್ರಿಯಿಡೀ ಬಿಟ್ಟರೆ ಪ್ಲಾಸ್ಟಿಕ್ಕು ಮಂಕಾಗುತ್ತದೆ, ಬೆಳಗ್ಗೆ ಅದು ಯಾವ ಮದ್ದೆಂದು ಅನುಮಾನವೂ ಬರುತ್ತದೆ. ಫೋನು ಮೇಲೆ ಅಡುಗೆಮನೆಯಲ್ಲಿ. ಅಮ್ಮ ಫೋನು ಮಾಡಿದರೆ ಹೆಂಡತಿ ಎತ್ತಿ, "ಕೆಳಗೆ ಮದ್ದು ಅಳೀತಿದ್ದಾರೆ ಅತ್ತೆ, ಆಮೇಲೆ ಮಾಡ್ತಾರೆ" ಅನ್ನುತ್ತಾಳೆ. ಅಮ್ಮನಿಗೆ ಅದು ಯಾವ ಮದ್ದು ಅಂತ ಇನ್ನೂ ಹೇಳಿಲ್ಲ.