ಇಂಡಕ್ಷನ್ ಸ್ಟವ್ ಬಟನ್ ಕೆಲಸ ಮಾಡ್ತಿಲ್ವಾ? ಬೋರ್ಡ್ ಬದಲಿಸುವ ಮುಂಚೆ ಇಷ್ಟು ನೋಡಿ

ಇಂಡಕ್ಷನ್ ಸ್ಟವ್‌ನ ಬಟನ್ ಕೈಕೊಟ್ಟಾಗ ಅಂಗಡಿಯಲ್ಲಿ ಹೆಚ್ಚಾಗಿ ಕೇಳುವ ಮಾತು "ಬೋರ್ಡ್ (ಒಳಗಿನ ಸರ್ಕ್ಯೂಟ್ ಹಲಗೆ) ಹೋಗಿದೆ, ಬದಲಿಸಬೇಕು" ಅಂತ. ಕೆಲವು ಸಲ ಅದು ನಿಜವೇ. ಆದರೆ ಎಷ್ಟೋ ಸಲ ಹೋಗಿರುವುದು ಬಟನ್ ಜಾಗದ ಮೇಲೆ ಅಂಟಿಸಿರುವ ಸ್ಟಿಕ್ಕರ್ ಕೆಳಗೆ ಕೂತಿರುವ ಒಂದು ಪುಟ್ಟ ಸ್ವಿಚ್ ಮಾತ್ರ, ಅದರ ಬೆಲೆ ಕೆಲವೇ ರೂಪಾಯಿ. ಅಷ್ಟಕ್ಕೆ ಚೆನ್ನಾಗಿರುವ ಸ್ಟವ್ ಗುಜರಿಗೆ ಹೋಗಬಾರದು. ಹಾಗಾಗಿ ದುಡ್ಡು ಕೊಡುವ ಮೊದಲು ತೊಂದರೆ ಎಲ್ಲಿದೆ ಅಂತ ನೀವೇ ಪತ್ತೆ ಮಾಡಿ. ಅರ್ಧ ಪತ್ತೆ ಕೆಲಸ ಸ್ಟವ್ ಬಿಚ್ಚದೆಯೇ ಆಗುತ್ತದೆ.

ಮೊದಲು ಲಕ್ಷಣ ನೋಡಿ. ಪ್ಲಗ್ ಹಾಕಿದಾಗ ಬೀಪ್ ಇಲ್ಲ, ಲೈಟ್ ಇಲ್ಲ, ಏನೂ ಇಲ್ಲ ಅಂದರೆ ಅದು ಬಟನ್ ತೊಂದರೆ ಅಲ್ಲ. ಸಾಕೆಟ್ ನೋಡಿ, ವೈರ್ ನೋಡಿ. ಅವು ಸರಿ ಇದ್ದರೆ ಒಳಗಿನ ಫ್ಯೂಸ್ ಹೋಗಿರಬಹುದು, ಮತ್ತು ಫ್ಯೂಸ್ ಸಾಮಾನ್ಯವಾಗಿ ಸುಮ್ನೆ ಹೋಗುವುದಿಲ್ಲ, ಅದರ ಹಿಂದೆ ಪವರ್ ಭಾಗದಲ್ಲಿ ಇನ್ನೇನೋ ಸುಟ್ಟಿರುತ್ತದೆ, ಅದನ್ನು ತಿಳಿದವರ ಕೈಗೇ ಕೊಡಿ. ಲೈಟ್ ಬಂದು, ಬಟನ್ ಕೂಡ ಕೆಲಸ ಮಾಡಿ, ಆಮೇಲೆ ಇಂಗ್ಲಿಷ್ 'E' ಅಕ್ಷರದ ಜೊತೆ ಒಂದು ನಂಬರ್ ತೋರಿಸಿದರೆ ಅದೂ ಬೇರೆ ವಿಷಯ. ಪಾತ್ರೆ ಸರಿ ಇಲ್ಲ, ವೋಲ್ಟೇಜ್ ಕಡಿಮೆ, ಸೆನ್ಸರ್ ಹೋಗಿದೆ, ಹೀಗೆ ಏನಾದರೂ ಇರಬಹುದು. ನಂಬರ್‌ನ ಅರ್ಥ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ, ಸ್ಟವ್ ಜೊತೆ ಬಂದ ಪುಸ್ತಕದಲ್ಲೇ ನೋಡಬೇಕು. ಇನ್ನೊಂದು ಮಾತು, 2000 ವಾಟ್ ಸ್ಟವ್ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪ್ಸ್ ಎಳೆಯುತ್ತದೆ. ಅದನ್ನು 6 ಆಂಪ್ಸ್ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದರೆ ಮೊದಲು ಅದನ್ನು ಸರಿ ಮಾಡಿ, 16 ಆಂಪ್ಸ್ ಸಾಕೆಟ್‌ಗೆ ಹಾಕಿ.

ಸ್ಟವ್‌ಗೆ ಜೀವ ಇದೆ, ಆದರೆ ಯಾವ ಬಟನ್ನೂ ಕೇಳುತ್ತಿಲ್ಲ. ಆಗ ಚೈಲ್ಡ್ ಲಾಕ್ (ಮಕ್ಕಳು ಒತ್ತಿದರೂ ಬಟನ್ ಕೆಲಸ ಮಾಡದಂತೆ ತಡೆಯುವ ಲಾಕ್) ಬಿದ್ದಿದೆಯಾ ನೋಡಿ. ಒರೆಸುವಾಗ ಗೊತ್ತಿಲ್ಲದೆ ಬೀಳುತ್ತದೆ, ಲಾಕ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಬಿಡುತ್ತದೆ. ಲಾಕ್ ಅಲ್ಲದಿದ್ದರೆ ಎರಡು ಸಾಧ್ಯತೆ: ಬಟನ್ ಬೋರ್ಡಿನಿಂದ ಮೇನ್ ಬೋರ್ಡಿಗೆ ಹೋಗುವ ಕೇಬಲ್ ಸಡಿಲವಾಗಿದೆ, ಅಥವಾ ಯಾವುದೋ ಒಂದು ಬಟನ್ ಒತ್ತಿದ ಹಾಗೇ ಸಿಕ್ಕಿಕೊಂಡಿದೆ. ಒಂದು ಸಿಕ್ಕಿಕೊಂಡರೆ ಉಳಿದದ್ದನ್ನೂ ಸ್ಟವ್ ಕೇಳದೆ ಇರಬಹುದು. ಒಂದೇ ಬಟನ್ ಕೆಲಸ ಮಾಡುತ್ತಿಲ್ಲ, ಅಥವಾ ಜೋರಾಗಿ ಒತ್ತಿದರೆ ಮಾತ್ರ ಕೆಲಸ ಮಾಡುತ್ತದೆ ಅಂದರೆ ಆ ಸ್ವಿಚ್ ಸವೆದಿದೆ, ಅಷ್ಟೇ.

ಪ್ಲಸ್ ಒತ್ತಿದರೆ ಟೈಮರ್ ಬರುತ್ತದೆ, ಯಾರೂ ಮುಟ್ಟದೆ ನಂಬರ್ ಏರುತ್ತದೆ. ಇದನ್ನು ನೋಡಿದರೆ ಎಲ್ಲರೂ ಬೋರ್ಡೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ತುಂಬಾ ಸ್ಟವ್‌ಗಳಲ್ಲಿ ಹಲವು ಬಟನ್‌ಗಳು ಒಂದೇ ತಂತಿಯ ಮೇಲೆ ಬೇರೆ ಬೇರೆ ರೆಸಿಸ್ಟರ್ (ಕರೆಂಟ್ ಹರಿವನ್ನು ತಡೆಯುವ ಪುಟ್ಟ ಬಿಡಿಭಾಗ) ಮೂಲಕ ಸೇರಿರುತ್ತವೆ. ಎಷ್ಟು ವೋಲ್ಟೇಜ್ ಬಂತು ಅಂತ ಅಳೆದು ಯಾವ ಬಟನ್ ಒತ್ತಿದ್ದು ಅಂತ ಚಿಪ್ ತೀರ್ಮಾನ ಮಾಡುತ್ತದೆ. ಆ ಜಾಗಕ್ಕೆ ಸ್ವಲ್ಪ ತೇವ ಅಥವಾ ಜಿಡ್ಡು ಸೇರಿದರೆ ಅಳತೆ ತಪ್ಪುತ್ತದೆ, ಒಂದು ಬಟನ್ ಇನ್ನೊಂದರ ಹಾಗೆ ಕಾಣುತ್ತದೆ. ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಇದು ಜಾಸ್ತಿ. ಹಾಲು ಉಕ್ಕಿ ಪ್ಯಾನೆಲ್ ಮೇಲೆ ಹರಿದರೂ ಹೀಗೇ ಆಗುತ್ತದೆ. ಪ್ಲಗ್ ತೆಗೆದು, ಸ್ಟವ್ ಅನ್ನು ಓರೆಯಾಗಿ ನಿಲ್ಲಿಸಿ, ಒಂದು ದಿನ ಟೇಬಲ್ ಫ್ಯಾನ್ ಗಾಳಿಗೆ ಇಡಿ. ಒಣಗಿದ ಮೇಲೆ ಸರಿಯಾದರೆ ಕಾರಣ ಸಿಕ್ಕಿತು. ಮತ್ತೆ ಮತ್ತೆ ಬರುತ್ತಿದ್ದರೆ ನೀರು ಎಲ್ಲಿಂದ ಇಳಿಯುತ್ತಿದೆ ನೋಡಬೇಕು, ಹೆಚ್ಚಾಗಿ ಉಗುರಿನಿಂದ ಒತ್ತಿ ಒತ್ತಿ ಸ್ಟಿಕ್ಕರ್ ತೂತಾಗಿರುತ್ತದೆ.

ಈ ತೂತಿನ ಬಗ್ಗೆ ಎಲ್ಲರೂ ತಿಳಿದಿರಲೇಬೇಕಾದ ಮಾತೊಂದಿದೆ. ಬಟನ್ ಬೋರ್ಡಿನಲ್ಲಿ ಇರುವುದು ಬರೀ 5 ವೋಲ್ಟ್, ಅದರಿಂದ ಏನಾಗುತ್ತದೆ ಅಂತ ಧೈರ್ಯ ಮಾಡಬೇಡಿ. ಇಂಡಕ್ಷನ್ ಸ್ಟವ್‌ಗಳಲ್ಲಿ ಸಾಮಾನ್ಯವಾಗಿ ಆ 5 ವೋಲ್ಟ್ ಸಪ್ಲೈಯನ್ನು ಮೇನ್ಸ್‌ನಿಂದ ಬೇರ್ಪಡಿಸಿರುವುದಿಲ್ಲ. ಅಂದರೆ ಬಟನ್ ಬೋರ್ಡ್ ಮುಟ್ಟಿದರೂ ಮನೆಯ ಕರೆಂಟ್ ಮುಟ್ಟಿದ ಹಾಗೇ. ಸ್ಟಿಕ್ಕರ್ ಹರಿದಿರುವಾಗ ಒದ್ದೆ ಕೈಯಲ್ಲಿ ಒತ್ತಿದರೆ ಶಾಕ್ ಹೊಡೆಯಬಹುದು. ಆದ್ದರಿಂದ ಸ್ಟಿಕ್ಕರ್ ಹರಿದಿದ್ದರೆ, ಗಾಜು ಬಿರುಕು ಬಿಟ್ಟಿದ್ದರೆ, ಸರಿ ಮಾಡಿಸುವವರೆಗೆ ಆ ಸ್ಟವ್ ಬಳಸಬೇಡಿ. ಮುಚ್ಚಳ ತೆಗೆದಿಟ್ಟು ಪ್ಲಗ್ ಹಾಕಿ ನೋಡುವ ಕೆಲಸವಂತೂ ಬೇಡವೇ ಬೇಡ.

ಈಗ ಬಿಚ್ಚುವ ವಿಷಯ. ವಾರಂಟಿ ಇದ್ದರೆ ಬಿಚ್ಚಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ. ಇಲ್ಲದಿದ್ದರೆ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ, ಯಾಕೆಂದರೆ ಕರೆಂಟ್ ಕೂಡಿಟ್ಟುಕೊಳ್ಳುವ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಡಿಸಿ ನಿಂತಿರಬಹುದು. ಬಟ್ಟೆ ಹಾಸಿ ಸ್ಟವ್ ಬೋರಲು ಹಾಕಿ ತಳದ ಸ್ಕ್ರೂ ಬಿಚ್ಚಿ, ಒಂದೆರಡು ಸ್ಕ್ರೂ ರಬ್ಬರ್ ಕಾಲಿನ ಅಥವಾ ಲೇಬಲ್‌ನ ಕೆಳಗೆ ಅಡಗಿರುತ್ತವೆ. ಮತ್ತೆ ನೇರ ಮಾಡಿ ಮೇಲಿನ ಗಾಜನ್ನು ನಿಧಾನವಾಗಿ ಎತ್ತಿ, ಎಳೆಯಬೇಡಿ. ಕೆಲವು ಮಾಡೆಲ್‌ನಲ್ಲಿ ಬಟನ್ ಬೋರ್ಡ್ ಗಾಜಿನ ಚೌಕಟ್ಟಿಗೇ ಅಂಟಿಕೊಂಡಿರುತ್ತದೆ, ಕೇಬಲ್ ಕಿತ್ತುಬರುತ್ತದೆ. ಒಂದು ಫೋಟೋ ತೆಗೆದುಕೊಳ್ಳಿ. ಮಲ್ಟಿಮೀಟರನ್ನು (ವೋಲ್ಟೇಜ್, ಓಮ್ಸ್ ಅಳೆಯುವ ಮೀಟರ್) ಡಿಸಿ ವೋಲ್ಟ್‌ಗೆ ಹಾಕಿ ಕೆಪಾಸಿಟರ್ ಖಾಲಿ ಆಗಿದೆಯಾ ಅಂತ ನೋಡಿದ ಮೇಲೇ ಕೈ ಹಾಕಿ. ಮಲ್ಟಿಮೀಟರ್ ಬಳಸಿ ಗೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಲಕ್ಷಣಗಳನ್ನು ಮೆಕ್ಯಾನಿಕ್‌ಗೆ ಹೇಳಿದರೂ ಅರ್ಧ ಕೆಲಸ ಆದಂತೆ.

ಮೊದಲು ಕೇಬಲ್ ಕನೆಕ್ಟರ್ ತೆಗೆದು ಮತ್ತೆ ಒತ್ತಿ ಕೂರಿಸಿ. ಪಿನ್ ಮೇಲೆ ಹಸಿರು ಕಿಲುಬು ಇದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಜಿರಳೆ ಒಳಗೆ ಸೇರಿದ್ದರೆ ಅದರ ಕೊಳೆಯೂ ಬೋರ್ಡಿನ ಮೇಲೆ ಕರೆಂಟ್ ಹರಿಸುತ್ತದೆ, ಅದನ್ನೂ ಪೂರ್ತಿ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬೇಡಿ, ಉಳಿದ ಜಿಡ್ಡಿಗೆ ಧೂಳು ಅಂಟಿ ಇನ್ನಷ್ಟು ತೊಂದರೆ.

ಆಮೇಲೆ ಸ್ವಿಚ್. ನಾಲ್ಕು ಕಾಲಿನ ಚೌಕದ ಟ್ಯಾಕ್ಟ್ ಸ್ವಿಚ್, ಹೆಚ್ಚಾಗಿ 6 ಮಿ.ಮೀ. ಅಗಲ. ಮಲ್ಟಿಮೀಟರ್ ಬಜರ್‌ಗೆ ಹಾಕಿ ಓರೆಯಾಗಿ ಎದುರುಬದುರು ಇರುವ ಎರಡು ಕಾಲು ಮುಟ್ಟಿಸಿ. ಓರೆಯಾಗಿಯೇ ಯಾಕೆ ಅಂದರೆ ಕಾಲುಗಳು ಜೋಡಿ ಜೋಡಿಯಾಗಿ ಒಳಗೇ ಸೇರಿರುತ್ತವೆ, ಅದೇ ಜೋಡಿಯನ್ನು ಮುಟ್ಟಿಸಿದರೆ ಯಾವಾಗಲೂ ಬೀಪ್ ಬರುತ್ತದೆ. ಒತ್ತದಿರುವಾಗ ಸುಮ್ಮನಿರಬೇಕು, ಒತ್ತಿದಾಗ ಕೂಡಲೇ ಕೂಗಬೇಕು. ಒತ್ತದೆಯೇ ಕೂಗಿದರೆ ಸಿಕ್ಕಿಕೊಂಡಿದೆ. ಬಿಟ್ಟು ಬಿಟ್ಟು ಕೂಗಿದರೆ, ಅಥವಾ ಓಮ್ಸ್‌ನಲ್ಲಿ ಸೊನ್ನೆಯ ಹತ್ತಿರ ಬರುವ ಬದಲು ನೂರಾರು ತೋರಿಸಿದರೆ ಸವೆದಿದೆ.

ಹೊಸದು ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಬೆಂಗಳೂರಿನ ಎಸ್.ಪಿ. ರೋಡ್ ಮಾತ್ರ ಅಲ್ಲ, ಯಾವ ಊರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ನೋಡಬೇಕಾದದ್ದು ಗುಂಡಿಯ ಎತ್ತರ. ಸ್ವಲ್ಪ ಎತ್ತರ ಇದ್ದರೂ ಸ್ಟಿಕ್ಕರ್ ಅದನ್ನು ಸದಾ ಒತ್ತಿಕೊಂಡೇ ಇರುತ್ತದೆ, ಗಿಡ್ಡ ಆದರೆ ಬೆರಳು ಎಷ್ಟು ಒತ್ತಿದರೂ ತಲುಪುವುದಿಲ್ಲ. ಒಂದು ಹೋಗಿದ್ದರೆ ಎಲ್ಲವನ್ನೂ ಬದಲಿಸಿಬಿಡಿ ಅಂತ ನನ್ನ ಸಲಹೆ, ಎಲ್ಲದಕ್ಕೂ ಅದೇ ವಯಸ್ಸು ಅಲ್ವಾ. ಹಳೆಯದನ್ನು ತೆಗೆಯುವಾಗ ಅದರ ಕಾಲುಗಳನ್ನು ಹಿಡಿದಿರುವ ಸೋಲ್ಡರ್ (ಬೆಸುಗೆ) ಪೂರ್ತಿ ಕರಗುವ ಮೊದಲೇ ಎಳೆದರೆ ಬೋರ್ಡಿನ ತಾಮ್ರದ ಗೆರೆ ಎದ್ದು ಬರುತ್ತದೆ, ಅವಸರ ಬೇಡ.

ಟಚ್ ಪ್ಯಾನೆಲ್ ಸ್ಟವ್ ಆದರೆ ಈ ಸ್ವಿಚ್ ಇರುವುದಿಲ್ಲ. ಗಾಜಿನ ಕೆಳಗೆ ಪುಟ್ಟ ಸ್ಪ್ರಿಂಗ್‌ಗಳಿರುತ್ತವೆ, ಅವು ಗಾಜಿಗೆ ಸರಿಯಾಗಿ ತಾಗಿರಬೇಕು. ಒಂದು ಬಾಗಿದ್ದರೆ ಆ ಒಂದು ಜಾಗ ಸತ್ತ ಹಾಗೆ. ಬಿಚ್ಚುವ ಮೊದಲು ಪ್ಲಗ್ ತೆಗೆದು ಗಾಜನ್ನು ಒಣ ಬಟ್ಟೆಯಲ್ಲಿ ಒರೆಸಿ, ಐದು ನಿಮಿಷ ಬಿಟ್ಟು ಪ್ಯಾನೆಲ್ ಮೇಲೆ ಏನೂ ಇಲ್ಲದೆ ಪ್ಲಗ್ ಹಾಕಿ. ಟಚ್ ಚಿಪ್ ಕರೆಂಟ್ ಬಂದ ಕ್ಷಣದಲ್ಲಿ ಇದ್ದ ಸ್ಥಿತಿಯನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ, ಆಗ ಒದ್ದೆ ಬಟ್ಟೆ ಮೇಲಿದ್ದರೆ ಆಮೇಲೆ ಬೆರಳು ಗುರುತು ಸಿಗುವುದಿಲ್ಲ.

ಎಲ್ಲ ಸ್ಕ್ರೂ ಹಾಕಿದ ಮೇಲೆ ಮಾತ್ರ ಪ್ಲಗ್ ಹಾಕಿ, ಕಡಿಮೆ ವಾಟ್‌ನಲ್ಲಿ ನೀರಿಟ್ಟು ಪ್ರತಿ ಬಟನ್ ಒತ್ತಿ ನೋಡಿ. ಸ್ಟವ್ ಒಳಗಿನ ಫ್ಯಾನ್ ತಿರುಗುತ್ತಿದೆಯಾ ಕೇಳಿಸಿಕೊಳ್ಳಿ, ಅದರ ವೈರ್ ಮುಚ್ಚುವಾಗ ಕಳಚಿಕೊಳ್ಳುವುದುಂಟು. ಇಷ್ಟಾದರೂ ಹಾಗೇ ಇದ್ದರೆ ಬಟನ್ ಬೋರ್ಡ್ ಮಾತ್ರ ಬೇರೆ ಸಿಗುತ್ತದಾ ಕೇಳಿ. ಅದರ ಮೇಲೆ ಅಚ್ಚಾಗಿರುವ ನಂಬರ್ ಮತ್ತು ಕನೆಕ್ಟರ್‌ನ ಪಿನ್ ಎಷ್ಟು ಅನ್ನುವುದು ಎರಡೂ ಹೊಂದಬೇಕು. ಬರೀ ನೋಡಲು ಒಂದೇ ಥರ ಇದೆ ಅಂತ ತಂದ ಬೋರ್ಡ್ ಹಾಕಿದರೆ ಮೇನ್ ಬೋರ್ಡ್ ಕೂಡ ಹೋಗಬಹುದು.