ಚಾಕು ಹಚ್ಚದೆ ಕಿಡ್ನಿ ಕಲ್ಲು ಒಡೆಯುವ ಕೆಲಸ: ನನ್ನ ಅನುಭವ

ಓಪಿಡಿಗೆ ಬರುವವರು ಮೊದಲು ಹೇಳುವುದು ಕಲ್ಲಿನ ಅಳತೆ. ‘12 ಎಂಎಂ ಐತ್ರಿ ಸರ್, ಆಪರೇಷನ್ ಇಲ್ದಂಗ ಒಡೀಬಹುದೇನ್ರಿ?’ ಅವರು ಕೇಳುವುದು ಲಿಥೋಟ್ರಿಪ್ಸಿ ಬಗ್ಗೆ, ಅಂದರೆ ಮೈ ಹೊರಗಿನಿಂದ ಯಂತ್ರದ ಆಘಾತ ಅಲೆ (ಶಾಕ್ ವೇವ್) ಹೊಡೆದು ಕಲ್ಲನ್ನು ಚೂರು ಮಾಡುವ ಚಿಕಿತ್ಸೆ. ಅಳತೆ ಒಂದನ್ನೇ ಕೇಳಿ ನಾನು ಹೂಂ ಅನ್ನುವುದಿಲ್ಲ. ಕಲ್ಲು ಎಷ್ಟು ಗಟ್ಟಿ, ಎಷ್ಟು ಆಳದಲ್ಲಿದೆ, ಕಿಡ್ನಿಯ ಯಾವ ಮೂಲೆಯಲ್ಲಿ ಕೂತಿದೆ ಅನ್ನುವುದು ಸಿಟಿ ಸ್ಕ್ಯಾನಿನಲ್ಲಿ ಕಾಣಬೇಕು.

ಗಟ್ಟಿತನವನ್ನು ಹೌನ್ಸ್‌ಫೀಲ್ಡ್ ಯೂನಿಟ್ ಅನ್ನುವ ಅಂಕಿ ಹೇಳುತ್ತದೆ. 1000ದ ಒಳಗಿದ್ದರೆ ಸಾಮಾನ್ಯವಾಗಿ ಒಡೆಯುತ್ತದೆ. ಮೇಲೆ ಹೋದಷ್ಟೂ ಕಲ್ಲು ಮೊಂಡು ಹಿಡಿಯುತ್ತದೆ. ಚರ್ಮದಿಂದ ಕಲ್ಲಿಗೆ 10 ಸೆಂ.ಮೀ. ದಾಟಿದರೂ ಕಷ್ಟ, ಅಲೆಯ ಬಲ ದಾರಿಯಲ್ಲೇ ಕುಗ್ಗುತ್ತದೆ. ಇನ್ನು ಕೆಳಗಿನ ಮೂಲೆಯ ಕಲ್ಲು ಒಡೆದರೂ ಚೂರು ಮೇಲೇರಿ ಹೊರಗೆ ಬರಬೇಕು, ಅಲ್ವಾ? ಅಲ್ಲಿ 1 ಸೆಂ.ಮೀ.ಗಿಂತ ದೊಡ್ಡದಿದ್ದರೆ ಬೇರೆ ದಾರಿ ಹೇಳುತ್ತೇನೆ. ಉಳಿದ ಕಡೆ 2 ಸೆಂ.ಮೀ.ವರೆಗೆ ಪ್ರಯತ್ನಿಸಬಹುದು.

ಗರ್ಭಿಣಿಯರಿಗೆ ಇದು ಬೇಡವೇ ಬೇಡ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಮೂತ್ರದಲ್ಲಿ ಸೋಂಕು ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಮೊದಲು ಅದನ್ನು ಸರಿ ಮಾಡಿಕೊಂಡು ಬರಬೇಕು.

ಈ ಚಿಕಿತ್ಸೆ ಮನುಷ್ಯರ ಮೇಲೆ ಮೊದಲು ನಡೆದದ್ದು 1980ರ ಫೆಬ್ರವರಿಯಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಯಂತ್ರ ಮಾಡಿದ್ದು ಡಾರ್ನಿಯರ್ ಎಂಬ ವಿಮಾನ ಕಂಪನಿ. ಆಗ ರೋಗಿಯನ್ನು ನೀರಿನ ತೊಟ್ಟಿಯಲ್ಲೇ ಇಳಿಸುತ್ತಿದ್ದರು. ಅಲೆ ನೀರಿನಲ್ಲಿ ಸಲೀಸಾಗಿ ಸಾಗುತ್ತದೆ, ನಮ್ಮ ಮೈಯಲ್ಲಿರುವುದೂ ಬಹುಪಾಲು ನೀರೇ. ಈಗ ತೊಟ್ಟಿ ಹೋಗಿ ನೀರು ತುಂಬಿದ ಮೆತ್ತನೆಯ ದಿಂಬು ಬಂದಿದೆ. ದಿಂಬಿಗೂ ಬೆನ್ನಿಗೂ ನಡುವೆ ಜೆಲ್.

ಅರ್ಧ ಕೆಲಸ ಈ ಜೆಲ್‌ನಲ್ಲೇ ಇದೆ ಅಂತ ನನಗನಿಸುತ್ತದೆ. ಅದರೊಳಗೆ ಗಾಳಿಗುಳ್ಳೆ ಇದ್ದರೆ ಅಲೆ ಅಲ್ಲಿಂದಲೇ ವಾಪಸ್. ಕೈಯಿಂದ ಸವರಿದಷ್ಟೂ ಗುಳ್ಳೆ ಜಾಸ್ತಿ. ಹಾಗಾಗಿ ಅಗಲ ಬಾಯಿಯ ಡಬ್ಬಿಯಿಂದ ದಿಂಬಿನ ನಡುವೆ ಒಂದೇ ಮುದ್ದೆಯಾಗಿ ಹಾಕುತ್ತೇನೆ. ಬೆನ್ನಿಗೆ ಒತ್ತಿದಾಗ ತಾನಾಗಿ ಹರಡುತ್ತದೆ. ರೋಗಿ ಮಧ್ಯೆ ಹೊರಳಿದರೆ ಒರೆಸಿ ಹೊಸದಾಗಿ ಹಾಕಬೇಕು. ಹೊಸ ಟೆಕ್ನಿಷಿಯನ್ ಬಂದರೆ ಯಂತ್ರದ ಗುಂಡಿಗಳಿಗಿಂತ ಮೊದಲು ಇದನ್ನು ಕಲಿಸುತ್ತೇನೆ.

ನೋವಿನ ಇಂಜೆಕ್ಷನ್ ಕೊಟ್ಟು, ಎಕ್ಸ್‌ರೇಯಲ್ಲಿ ಎರಡು ಕೋನದಿಂದ ಕಲ್ಲಿಗೆ ಗುರಿ ಇಡುತ್ತೇನೆ. ಯೂರಿಕ್ ಆಸಿಡ್ ಕಲ್ಲಾದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಬೇಕು. ಶುರು ಮಾಡುವುದು ಕಡಿಮೆ ಬಲದಲ್ಲಿ. ಸ್ವಲ್ಪ ಹೊತ್ತು ಹೊಡೆದು, ಕೆಲವು ನಿಮಿಷ ನಿಲ್ಲಿಸಿ, ಆಮೇಲೆ ಬಲ ಏರಿಸುತ್ತೇನೆ. ಅಷ್ಟರಲ್ಲಿ ಕಿಡ್ನಿಯ ರಕ್ತನಾಳಗಳು ಬಿಗಿದುಕೊಂಡು, ಒಳಗೆ ರಕ್ತ ಸೋರುವುದು ಕಡಿಮೆಯಾಗುತ್ತದೆ.

ಮಿನಿಟಿಗೆ 120 ಹೊಡೆತ ಕೊಟ್ಟರೆ ಬೇಗ ಮುಗಿಯುತ್ತದೆ, ನಿಜ. ನಾನು 60ರ ಆಸುಪಾಸಿನಲ್ಲೇ ಇರುತ್ತೇನೆ. ಪ್ರತಿ ಹೊಡೆತಕ್ಕೂ ಕಲ್ಲಿನ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ. ಅವು ಅಡಗುವ ಮೊದಲೇ ಮುಂದಿನದು ಬಂದರೆ ಅದರ ಬಲ ಗುಳ್ಳೆಗಳಲ್ಲೇ ಸುಮ್ನೆ ಪೋಲಾಗುತ್ತದೆ. 3000 ಹೊಡೆತ ಅಂದರೆ 50 ನಿಮಿಷ ಹಿಡಿಯುತ್ತದೆ. ಟಕ್ ಟಕ್ ಸದ್ದು ಕೇಳುತ್ತಾ ಮಲಗಿದ್ದ ಲಾರಿ ಡ್ರೈವರ್ ಒಬ್ಬರು, ‘ಇನ್ನೂ ಎಷ್ಟೊತ್ರೀ ಸರ್? ಲೋಡಿಂಗಿಗೆ ಹೋಗಬೇಕು’ ಅಂದರು. ‘ಕಲ್ಲಿಗೆ ಹೇಳ್ರಿ ಅದನ್ನ’ ಅಂದೆ. ಅವರು ಜೋರಾಗಿ ನಕ್ಕರು. ನಕ್ಕಿದ್ದೇ ತಡ, ಪರದೆಯ ಮೇಲೆ ಕಲ್ಲು ಗುರಿಯಿಂದ ಆಚೆ! ನಿಲ್ಲಿಸಿ ಮತ್ತೆ ಗುರಿ ಇಡಬೇಕಾಯಿತು. ದೊಡ್ಡದಾಗಿ ಉಸಿರೆಳೆದರೂ ಇದೇ ಕತೆ. ಹಾಗಾಗಿ ಸಣ್ಣಗೆ ಉಸಿರಾಡಿ ಅಂತ ಹೇಳುತ್ತಲೇ ಇರುತ್ತೇನೆ. ಕೊನೆಕೊನೆಗೆ ಅವರ ಕಲ್ಲಿನ ಅಂಚು ಮಸುಕಾಗಿ, ನೆರಳು ಅಗಲವಾಯಿತು. ಒಡೆಯುತ್ತಿದೆ ಅನ್ನುವುದಕ್ಕೆ ಅದೇ ಗುರುತು.

ಹೆಚ್ಚಿನವರು ಅವತ್ತೇ ಮನೆಗೆ ಹೋಗುತ್ತಾರೆ. ಒಂದೆರಡು ದಿನ ಮೂತ್ರ ಕೆಂಪಗೆ ಬಂದರೆ, ಬೆನ್ನಿನ ಚರ್ಮ ಕಂದಿದರೆ ಹೆದರಬೇಕಿಲ್ಲ. ಚಳಿ ಜ್ವರ ಬಂದರೆ, ಮೂತ್ರ ಕಟ್ಟಿದರೆ ಮಾತ್ರ ನಡುರಾತ್ರಿಯಾದರೂ ಬರಬೇಕು. ಚೂರುಗಳು ಮೂತ್ರನಾಳದಲ್ಲಿ ಸಾಲಾಗಿ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಸೋಂಕು ಸೇರಿದರೆ ಅಪಾಯ. ಬಾಳೆದಿಂಡಿನ ರಸ ಕುಡೀಬಹುದಾ ಅಂತ ಕೇಳದವರೇ ಇಲ್ಲ. ಕುಡೀರಿ, ಹೊಟ್ಟೆಗೆ ನೀರು ಹೋದಂತಾಯಿತು. ಅದರಿಂದಲೇ ಕಲ್ಲು ಕರಗುತ್ತದೆ ಅಂತ ಕಾಯುತ್ತಾ ಕೂರಬೇಡಿ, ಅಷ್ಟೇ.

ಮೂತ್ರ ಸೋಸಿ, ಸಿಕ್ಕ ಚೂರನ್ನು ಲ್ಯಾಬಿಗೆ ತರಲು ಹೇಳುತ್ತೇನೆ. ಯಾವ ಬಗೆಯ ಕಲ್ಲು ಅಂತ ತಿಳಿದರೆ ಮುಂದಿನ ಪಥ್ಯ ಹೇಳುವುದು ಸುಲಭ. ಎರಡು ವಾರ ಬಿಟ್ಟು ಎಕ್ಸ್‌ರೇ. ಸ್ವಲ್ಪ ಒಡೆದಿದ್ದರೆ ಇನ್ನೊಂದು ಸಲ ಹೊಡೆಯುತ್ತೇನೆ. ಆಗಲೂ ಜಗ್ಗದಿದ್ದರೆ ಮೂತ್ರದ ದಾರಿಯಿಂದ ಸ್ಕೋಪ್ ಹಾಕಿ ಲೇಸರ್‌ನಲ್ಲಿ ತೆಗೆಯಬೇಕಾಗುತ್ತದೆ. ದುಡ್ಡು ಕಟ್ಟುವ ಮೊದಲೇ ಇದನ್ನು ಮನೆಯವರ ಮುಂದೆ ಹೇಳಿಬಿಡುತ್ತೇನೆ.