ದಿನಸಿ ತರಲು ಹೋಗುವ ಮೊದಲು ಇಷ್ಟು ಕೇಳಿಸಿಕೊಳ್ಳಿ

2020ರ ಮಾರ್ಚ್‌ನಲ್ಲಿ ಕೊರೊನಾ ಜಗತ್ತಿಗೆಲ್ಲ ಹರಡಿದ ಪಿಡುಗು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮೇಲೆ, ಅಂಗಡಿಯಿಂದ ಬಂದ ಒಂದೊಂದು ಪೊಟ್ಟಣವನ್ನೂ ಒರೆಸಿ ಒರೆಸಿ ಒಳಗಿಡುತ್ತಿದ್ದೆ. ಪ್ಲಾಸ್ಟಿಕ್ ಮೇಲೆ ಆ ವೈರಸ್ ಮೂರು ದಿನ, ರಟ್ಟಿನ ಮೇಲೆ ಒಂದು ದಿನದವರೆಗೂ ಉಳಿಯಬಹುದು ಅಂತ ಪ್ರಯೋಗಾಲಯದವರು ಹೇಳಿದ್ದರು, ಹೆದರಿಕೆ ಆಗದೆ ಇರುತ್ತಾ? ಆಮೇಲೆ ತಿಳಿಯಿತು, ವಸ್ತು ಮುಟ್ಟಿ ಅಂಟುವುದು ತೀರಾ ಕಡಿಮೆ, ಹೆಚ್ಚಾಗಿ ಅಂಟುವುದು ಉಸಿರಿನಿಂದ. ಆದ್ದರಿಂದ ಕೊರೊನಾ ಹರಡುತ್ತಿರುವಾಗ ಮನೆಗೆ ಬಂದ ಚೀಲಕ್ಕಿಂತ ಅಂಗಡಿಯೊಳಗೆ ನೀವು ಕಳೆಯುವ ಹೊತ್ತಿನ ಬಗ್ಗೆ ಜಾಸ್ತಿ ಯೋಚನೆ ಮಾಡಿ.

ಆ ಹೊತ್ತು ಕಡಿಮೆಯಾಗಬೇಕು ಅಂದರೆ ಕೆಲಸ ಮನೆಯಲ್ಲೇ ಶುರುವಾಗಬೇಕು. ಡಬ್ಬಗಳನ್ನೆಲ್ಲ ತೆಗೆದು ನೋಡಿ, ಎರಡು ವಾರಕ್ಕೆ ಏನೇನು ಬೇಕು ಅಂತ ಕಾಗದದ ಮೇಲೆ ಬರೆಯಿರಿ. ಸುಮ್ನೆ ಬರೆಯಬೇಡಿ, ಅಂಗಡಿಯಲ್ಲಿ ಯಾವುದು ಮೊದಲು ಸಿಗುತ್ತದೋ ಅದನ್ನು ಮೇಲೆ ಬರೆಯಿರಿ, ಕೊನೆಗೆ ಸಿಗುವುದನ್ನು ಕೆಳಗೆ. ಹೀಗೆ ಬರೆದುಕೊಂಡರೆ ಒಂದೇ ಸಾಲಿಗೆ ಮೂರು ಸಲ ಓಡಾಡುವುದು ತಪ್ಪುತ್ತದೆ. ಪಟ್ಟಿ ಫೋನಿನಲ್ಲಿ ಬೇಡ. ಸಾಮಾನು ಮುಟ್ಟಿದ ಕೈಯಲ್ಲೇ ಫೋನು ಹಿಡಿದು, ಅದೇ ಫೋನನ್ನು ಕೆನ್ನೆಗೆ ಒತ್ತಿಕೊಳ್ಳುತ್ತೇವೆ, ಅಲ್ವಾ? ಎರಡು ವಾರಕ್ಕಿಂತ ಜಾಸ್ತಿ ತುಂಬಿಸಿಕೊಳ್ಳಬೇಡಿ. ನೀವು ಹತ್ತು ಪೊಟ್ಟಣ ಎತ್ತಿಕೊಂಡರೆ, ಅಂದಂದಿನ ದುಡಿಮೆಯಲ್ಲಿ ಅಂದಂದಿಗೆ ಕೊಳ್ಳುವವರು ಬರಿಗೈಲಿ ವಾಪಸ್ ಹೋಗಬೇಕಾಗುತ್ತದೆ.

ಮನೆಯಿಂದ ಒಬ್ಬರೇ ಹೋಗಲಿ. ಗಟ್ಟಿಮುಟ್ಟಾಗಿರುವವರು ಹೋಗಲಿ, ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮನೆಯಲ್ಲೇ ಇರಲಿ. ಮಕ್ಕಳನ್ನು ಕರೆದೊಯ್ಯಬೇಡಿ, ಎಷ್ಟೇ ಹಟ ಮಾಡಿದರೂ. ಜ್ವರವೋ ಕೆಮ್ಮೋ ಇದ್ದರೆ ನೀವೂ ಹೋಗಬೇಡಿ, ಪಕ್ಕದ ಮನೆಯವರಿಗೆ ಹೇಳಿ ಬಾಗಿಲ ಬಳಿ ಇಡಿಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ಜನ ಕಡಿಮೆ ಇರುವ ಹೊತ್ತು ಯಾವುದು ಅಂತ ಅಂಗಡಿಯವರನ್ನೇ ಕೇಳಿ. ಗಾಳಿಯಾಡುವ ಬಯಲು ಸಂತೆಯಲ್ಲಿ ಅದೇ ಸಾಮಾನು ಸಿಗುವುದಾದರೆ ಬಾಗಿಲು ಮುಚ್ಚಿ ಎಸಿ ಹಾಕಿದ ಅಂಗಡಿಗಿಂತ ಅದೇ ಮೇಲು. ಮಾಸ್ಕ್ ಮೂಗಿನ ಮೇಲೆ ಗಟ್ಟಿಯಾಗಿ ಕೂರಬೇಕು, ಗಲ್ಲಕ್ಕೆ ಇಳಿಸಿಕೊಂಡರೆ ಹಾಕಿಯೂ ಉಪಯೋಗವಿಲ್ಲ. ಮಾತಾಡುವಾಗ ಇಳಿಸುವವರು ಬಹಳ ಜನ, ಮಾತಾಡುವಾಗಲೇ ಅದು ಬೇಕಾಗಿರುವುದು! ಸಾಲಿನಲ್ಲಿ ಮುಂದಿನವರಿಂದ ಆರು ಅಡಿ ಬಿಡಿ. ಗಾಡಿ ತಳ್ಳುವುದಾದರೆ ಅದನ್ನು ಮುಂದಿಟ್ಟುಕೊಂಡೇ ನಿಲ್ಲಿ, ಅಂತರ ತಾನಾಗಿ ಉಳಿಯುತ್ತದೆ. ಪರಿಚಯದವರು ಸಿಕ್ಕರೆ ಕೈ ಬೀಸಿ ಮುಂದೆ ನಡೆಯಿರಿ, ಕಷ್ಟಸುಖ ಸಂಜೆ ಫೋನಿನಲ್ಲಿ ಮಾತಾಡಿಕೊಳ್ಳಬಹುದು.

ಮನೆಗೆ ಬಂದ ಕೂಡಲೇ ಚೀಲ ಕೆಳಗಿಟ್ಟು ಸೋಪಿನಲ್ಲಿ ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ, ಬೆರಳ ಸಂದಿ, ಉಗುರಿನ ಕೆಳಗೂ. ಈ ವೈರಸ್‌ನ ಹೊರಪದರ ಕೊಬ್ಬಿನದು, ಜಿಡ್ಡಿನ ಪಾತ್ರೆಯ ಹಾಗೆ ಸೋಪಿಗೆ ಅದು ಬಿಟ್ಟುಹೋಗುತ್ತದೆ. ದಾರಿಯಲ್ಲಿ ಸ್ಯಾನಿಟೈಸರ್ ಹಚ್ಚುವುದಾದರೆ ಅದರಲ್ಲಿ ಆಲ್ಕೋಹಾಲ್ ಕನಿಷ್ಠ 60% ಇದೆಯಾ ನೋಡಿಕೊಳ್ಳಿ. ಸಾಮಾನೆಲ್ಲ ಎತ್ತಿಟ್ಟ ಮೇಲೆ ಇನ್ನೊಂದು ಸಲ ಕೈ ತೊಳೆದರೆ ಆಯಿತು.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ತರಕಾರಿ, ಹಣ್ಣನ್ನು ಸೋಪಿನಲ್ಲಾಗಲಿ, ಬ್ಲೀಚಿಂಗ್ ನೀರಿನಲ್ಲಾಗಲಿ ತೊಳೆಯಬೇಡಿ. ಅದು ಸಿಪ್ಪೆಯೊಳಗೆ ಇಳಿದು ಹೊಟ್ಟೆಗೆ ಹೋದರೆ ವಾಂತಿ, ಭೇದಿ ಶುರುವಾಗಬಹುದು. ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದರೆ ಸಾಕು.